ರಾಮಾ ಬಣ್ಣದ ತೊಟ್ಟಿ

ಹಸಿರೋ ನೀಲಿಯೋ, ಸೋಮವಾರದೊಳಗೆ ಹೇಳು ಎಂದು ಕಳೆದ ಫೆಬ್ರವರಿಯ ಒಂದು ಗುರುವಾರ ನನಗೆ ಫೋನ್ ಬಂತು. ಮಾಡಿದವನು ನನ್ನ ಹಳೆಯ ಮಾಲೀಕ. ನ್ಯೂಜೆರ್ಸಿಯ ಕಡಲತೀರದಲ್ಲಿ ಅವನದೊಂದು ಹ್ಯಾಚರಿ ಇದೆ. ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಮರಿಗಳನ್ನು ತೊಟ್ಟಿಗಳಲ್ಲಿ ಬೆಳೆಸಿ, ಕೊಲ್ಲಿಯಲ್ಲಿ ಅವನ್ನು ಸಾಕುವವರಿಗೆ ಮಾರುವುದು ಅವನ ಕಸುಬು. ಈಗ ಮರಿಗಳಿಗೆಂದೇ ಹೊಸ ಕೋಣೆ ಕಟ್ಟಿಸಿದ್ದಾನೆ. ಅದಕ್ಕೆ ಒಂದೇ ಬಣ್ಣದ ದೀಪಗಳನ್ನು ಹಾಕಿಸಿ, ಬಾಗಿಲ ಮೇಲೆ, ಅಲ್ಲಿ ನನ್ನ ಜೊತೆ ಕೆಲಸ ಮಾಡಿದ, ನಾನು ಅಕ್ಕ ಎನ್ನುತ್ತಿದ್ದ ಹಿರಿಯರೊಬ್ಬರ ಹೆಸರು ಬರೆಸಬೇಕೆಂಬುದು ಅವನ ಆಸೆ. ಯಾವ ಬಣ್ಣದ ಬೆಳಕಿನಲ್ಲಿ ಮರಿಗಳು ಚೆನ್ನಾಗಿ ಬೆಳೆಯುತ್ತವೆ ಎಂದು ಅಲ್ಲಿ ಪರೀಕ್ಷೆ ಮಾಡಿ ತೋರಿಸಿದವರು ಅವರು. ಅವರು ತೀರಿಕೊಂಡು ಆಗ ಮೂರು ತಿಂಗಳಾಗಿತ್ತು.

"ನೀನು ಟೈಪ್ ಮಾಡಿದ ಶೀಟ್‌ನಲ್ಲಿ ಗ್ರೀನ್ ಅಂತ ಇದೆ. ಡಾಕ್ ಒಮ್ಮೆ ಬ್ಲೂ ಅಂದ ಹಾಗೆ ನನಗೆ ನೆನಪು. ಯಾವಾಗ ಅಂದಳೋ ಮರೆತೆ. ಸೋ, ವಿಚ್ ಈಸ್ ಇಟ್?" ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕನನ್ನು ಅವನು 'ಡಾಕ್' ಎನ್ನುತ್ತಿದ್ದ. ತನಗೆ ಡಾಕ್ಟರೇಟ್ ಇಲ್ಲ, ಮಂಗಳೂರಿನಲ್ಲಿ ಮೀನುಗಾರಿಕೆ ಓದಿದ್ದು ಅಷ್ಟೇ ಎಂದು ಅವರು ಹೇಳಿ ಹೇಳಿ ಸೋತಿದ್ದರು.

ಗ್ರೀನ್ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ನೋಡಿ ತಿಳಿಸುತ್ತೇನೆ ಎಂದು ಫೋನ್ ಇಟ್ಟೆ. ಏನನ್ನು ನೋಡುವುದೆಂದು ನನಗೇ ಗೊತ್ತಿರಲಿಲ್ಲ. ತಪ್ಪು ಬಣ್ಣ ಹೇಳಿದರೆ ಆ ವಸಂತದ ಮರಿಗಳೆಲ್ಲ ತಪ್ಪು ಬೆಳಕಿಗೆ ಬೀಳುತ್ತವೆ, ಆ ತಪ್ಪಿನ ಮೇಲೆ ಅಕ್ಕನ ಹೆಸರಿರುತ್ತದೆ. ಅವರಿದ್ದಾಗ ಅವರ ಹೆಸರು ಯಾವ ಬಾಗಿಲ ಮೇಲೂ ಬಂದದ್ದಿಲ್ಲ.

ಅವರ ಪರಿಚಯವಾದದ್ದು ನನ್ನ ಕೆಲಸ ಹೋದ ವರ್ಷ. ಅದಕ್ಕೆ ಮುಂಚೆ ಸಮರ್‌ಸೆಟ್‌ನ ಒಂದು ಔಷಧ ಕಂಪನಿಯಲ್ಲಿ ದಾಖಲೆಗಳ ತಪ್ಪು ಹುಡುಕುವುದು ನನ್ನ ಉದ್ಯೋಗವಾಗಿತ್ತು. ಕಣ್ಣಾರೆ ನೋಡದೆ ಯಾವುದನ್ನೂ ಬರೆಯಬಾರದು, ಬರೆದದ್ದಕ್ಕೆ ಸಹಿ ಹಾಕಬಾರದು ಎಂದು ಹತ್ತು ವರ್ಷ ಬೇರೆಯವರಿಗೆ ಪಾಠ ಹೇಳಿದ ಆಸಾಮಿ ನಾನು. ಇದನ್ನು ಈಗ ಬರೆಯುವಾಗ ನಗು ಬರುತ್ತದೆ. ಒಳ್ಳೆಯ ನಗುವಲ್ಲ.

ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆಗೆ ಅವರಿದ್ದರು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನಾನು ಪ್ರಸಾದದ ಬಟ್ಟಲು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಕೆಲಸವಿಲ್ಲದ ಗಂಡಸಿಗೆ ಅಂಥ ಕಡೆ ಮೂಲೆಯೇ ಗತಿ. ಅವರು ನೇರ ಬಂದು ಕೇಳಿದರು: "ಕೆಲಸ ಹುಡುಕ್ತಾ ಇದ್ದೀರಂತೆ. ಚಿಪ್ಪಿನ ಮಕ್ಕಳ ಜನಗಣತಿ ಮಾಡ್ಲಿಕ್ಕೆ ಆಗ್ತದಾ ನಿಮ್ಗೆ?"

"ಅರ್ಥ ಆಗ್ಲಿಲ್ಲ ಆಂಟಿ" ಎಂದೆ.

"ನಲವತ್ತೈದು ವರ್ಷದ ಮೀಸೆ ಇಟ್ಕೊಂಡು ನನ್ನನ್ನ ಆಂಟಿ ಅಂತೀರಾ? ಅಕ್ಕ ಅನ್ನಿ. ಅಷ್ಟಾದ್ರೂ ಮರ್ಯಾದೆ ಉಳೀಲಿ."

ಹೀಗೆ ಅಕ್ಕನಾದರು. ಅವರಿಗೆ ಆಗ ಅರವತ್ತು ದಾಟಿತ್ತು. ಕುಳ್ಳಗೆ, ಚುರುಕಾಗಿ, ಸದಾ ಗಂಡಸರ ರಬ್ಬರ್ ಬೂಟು ಹಾಕಿಕೊಂಡು ಓಡಾಡುತ್ತಿದ್ದರು. ಬೂಟಿನೊಳಗೆ ಒಂದು ಕಾಲಿಗೆ ನೀಲಿ ಕಾಲುಚೀಲ, ಇನ್ನೊಂದಕ್ಕೆ ಹಸಿರು. ನಾನು ಕೀಟಲೆ ಮಾಡಿದರೆ, "ಆಯ್ಸ್ಟರ್‌ಗಳು ನನ್ನ ಕಾಲು ನೋಡುದಿಲ್ಲ, ನೀವು ಎಂತಕ್ಕೆ ನೋಡ್ತೀರಿ?" ಎನ್ನುತ್ತಿದ್ದರು.

ಹ್ಯಾಚರಿ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಕೆಲಸಕ್ಕೆ ಸೇರಿದ ದಿನವೇ, "ನಾಳೆಯಿಂದ ನನ್ನ ಕಾರಲ್ಲೇ ಬನ್ನಿ ಅಕ್ಕ" ಎಂದೆ. "ಆಗ್ಬಹುದು" ಎಂದರು. ನಾನು ಮೈಸೂರಿನವನು. ನಮ್ಮ ಕಡೆ ಆಗಬಹುದು ಎಂದರೆ ಆದರೂ ಆಗಬಹುದು, ಆಗದೆಯೂ ಇರಬಹುದು. ಮರುದಿನ ಅವರ ಮನೆಯ ಕಡೆ ಹೋಗಲೇ ಇಲ್ಲ. ಅವರು ತಮ್ಮ ಮನೆ ಮುಂದಿನ ಮೇಲ್‌ಬಾಕ್ಸ್ ಪಕ್ಕ ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತು, ಕೊನೆಗೆ ಫೋನ್ ಮಾಡಿದರು. "ಎಂತ ಮಾರಾಯ್ರೆ, ಆಗ್ಬಹುದು ಅಂತ ಹೇಳಿದ್ದೆನಲ್ಲ." ಕಾರ್ಕಳದ ಕನ್ನಡದಲ್ಲಿ ಅದು ಖಂಡಿತ ಒಪ್ಪಿಗೆ ಎಂದು ನನಗೆ ತಿಳಿದದ್ದು ಆವತ್ತು. ಆ ಒಂದು ಪದ ಕಲಿತ ಮೇಲೆ ಅವರ ಮಾತೆಲ್ಲ ನನಗೆ ಅರ್ಥವಾಗುತ್ತದೆ ಎಂದುಕೊಂಡೆ.

ದಾರಿಯುದ್ದಕ್ಕೂ ನಾನು ಡ್ರೈವ್ ಮಾಡುತ್ತಿದ್ದೆ, ಅವರು ಮಾತಾಡುತ್ತಿದ್ದರು. ತಾವೇ ಯಾಕೆ ಕಾರು ಓಡಿಸುವುದಿಲ್ಲ ಎಂದು ಕೇಳಿದಾಗ, ಪಾರ್ಕ್‌ವೇಯಲ್ಲಿ ಹೋಗುವವರಿಗೆಲ್ಲ ತಲೆ ಕೆಟ್ಟಿದೆ, ಅವರ ಜೊತೆ ಸೇರಲು ಇಷ್ಟವಿಲ್ಲ ಎಂದರು. ಅವರ ತಂದೆಗೆ ಕಾರ್ಕಳದಲ್ಲಿ ಬಟ್ಟೆ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಅವರ ಬಾಲ್ಯವೆಲ್ಲ ಆ ಅಂಗಡಿಯ ಜಮಖಾನದ ಮೇಲೆ ಕಳೆಯಿತಂತೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ಸೀರೆ ಕೊಂಡವಳು ಮನೆಗೆ ಹೋಗಿ ಅಳುತ್ತಾಳೆ ಎಂಬುದು ತಂದೆಯ ಮಾತು. ಗಿರಾಕಿಗಳು ಕೇಳುವ ಮೊದಲೇ ಅವರು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ತಂದು ಬಿಸಿಲಿಗೆ ಹಿಡಿದು ತೋರಿಸುತ್ತಿದ್ದರಂತೆ.

ಮಗಳಿಗೂ ಅದೇ ಚಾಳಿ. ಹ್ಯಾಚರಿಯಲ್ಲಿ ಏನು ಕೈಗೆ ಬಂದರೂ ಅದನ್ನು ಬಾಗಿಲಿಗೆ ಒಯ್ದು ಹಗಲು ಬೆಳಕಿಗೆ ಹಿಡಿಯುತ್ತಿದ್ದರು. ಮರಿಗಳ ಆಹಾರವಾದ ಪಾಚಿನೀರಿನ ಬುಂಡೆ, ಔಷಧಿಯ ಸೀಸೆ, ಒಮ್ಮೆ ನನ್ನ ಊಟದ ಡಬ್ಬಿಯಲ್ಲಿದ್ದ ಚಟ್ನಿ ಕೂಡ. "ಇದು ಕೊತ್ತಂಬರಿಯಾ, ಪುದಿನವಾ?" ಎಂದು ಕೇಳಿದರು. ಅದು ಕಡಲೆಬೀಜದ ಚಟ್ನಿ. ನಾನು ತಮಾಷೆ ಎಂದುಕೊಂಡು ಜೋರಾಗಿ ನಕ್ಕೆ, ಅವರೂ ನಕ್ಕರು.

ಮೀನೆಂದರೆ ಪ್ರಾಣ ಬಿಡುತ್ತಿದ್ದ ಅವರು ಆಯ್ಸ್ಟರ್ ಮಾತ್ರ ತಿನ್ನುತ್ತಿರಲಿಲ್ಲ. ಮಾಲೀಕ ಒಮ್ಮೆ ನಿಂಬೆರಸ ಹಿಂಡಿ ತಟ್ಟೆ ಮುಂದಿಟ್ಟಾಗ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಇವುಗಳ ಬಾಣಂತನ ಮಾಡಿದವಳು ನಾನು. ನೀವು ತಿನ್ನಿ" ಎಂದರು. ನಾನು ಹುಟ್ಟಾ ಸಸ್ಯಾಹಾರಿ. ತಟ್ಟೆ ಮಾಲೀಕನಿಗೇ ವಾಪಸು ಹೋಯಿತು.

ಬಾಣಂತನ ಎಂಬುದು ಉತ್ಪ್ರೇಕ್ಷೆಯಲ್ಲ. ಮರಿ ಮೊದಲು ಧೂಳಿನ ಕಣದಷ್ಟಿರುತ್ತದೆ, ನೀರಿನಲ್ಲಿ ಈಜುತ್ತಿರುತ್ತದೆ. ಎರಡು ವಾರ ಕಳೆದು ಮೈಯೊಳಗೆ ಒಂದು ಕಪ್ಪು ಚುಕ್ಕೆ ಮೂಡುತ್ತದೆ. ಬೆಳಕು ಕತ್ತಲೆ ತಿಳಿಯುವ ಕಣ್ಣು ಅದು. ಜೊತೆಗೆ ಸಣ್ಣದೊಂದು ಕಾಲೂ ಬರುತ್ತದೆ. ಆ ಕಾಲಿನಿಂದ ತಡವುತ್ತಾ ಹೋಗಿ ಯಾವುದಾದರೂ ಹಳೆಯ ಚಿಪ್ಪಿಗೆ ಅಂಟಿಕೊಂಡರೆ ಮುಗಿಯಿತು, ಸಾಯುವವರೆಗೆ ಅದೇ ಜಾಗ. ಆಮೇಲೆ ಕಣ್ಣೂ ಹೋಗುತ್ತದೆ, ಕಾಲೂ ಹೋಗುತ್ತದೆ. ಮರಿಗೆ ಕಣ್ಣು ಮೂಡುವ ದಿನಕ್ಕಾಗಿ ಹ್ಯಾಚರಿಯವರೆಲ್ಲ ಕಾಯುತ್ತಾರೆ. ಬೇಗ ಮೂಡಿದಷ್ಟೂ ಲಾಭ, ಅಂಟಿಕೊಂಡವು ಹೆಚ್ಚಿದಷ್ಟೂ ಲಾಭ. "ಕಣ್ಣು ಬಂತು" ಎಂದು ಅಕ್ಕ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಹೇಳಿದ ದಿನ ನಾವು ಡಂಕಿನ್ ಅಂಗಡಿಯ ಕಾಫಿಯ ಬದಲು ಅವರ ಫ್ಲಾಸ್ಕಿನ ಕಷಾಯ ಕುಡಿಯಬೇಕಿತ್ತು. ಅದು ಅವರ ಹಬ್ಬ.

ಬೆಳಕಿನ ಬಣ್ಣದ ವಿಚಾರ ಅವರ ತಲೆಗೆ ಹೇಗೆ ಬಂತೋ ಗೊತ್ತಿಲ್ಲ. ಕೇಳಿದಾಗ ಒಂದೊಂದು ಸಲ ಒಂದೊಂದು ಕಥೆ. ಸಮುದ್ರದೊಳಗೆ ಕೆಂಪು ಬೆಳಕು ಇಳಿಯುವುದೇ ಇಲ್ಲ, ಮೇಲೆಯೇ ಕರಗಿಹೋಗುತ್ತದೆ, ಆಳಕ್ಕೆ ತಲುಪುವುದು ನೀಲಿ, ಹಸಿರು ಮಾತ್ರ. ಹಾಗಿದ್ದ ಮೇಲೆ ಮರಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಯಾಕೆ ಬೆಳೆಸಬೇಕು ಎಂದು ಒಮ್ಮೆ ವಾದಿಸಿದರು. ಇನ್ನೊಮ್ಮೆ, "ಅಪ್ಪನ ಅಂಗಡಿಯಲ್ಲಿ ಕಲಿತದ್ದು ಇಷ್ಟೇ, ಬೆಳಕು ಬದಲಾದ್ರೆ ವಸ್ತುವೂ ಬದಲಾಗ್ತದೆ" ಎಂದರು. ಎರಡರಲ್ಲಿ ಯಾವುದು ನಿಜವೆಂದು ನಾನು ಈಗಲೂ ಹೇಳಲಾರೆ.

ಅಂತೂ ಮಾಲೀಕನನ್ನು ಒಪ್ಪಿಸಿ ಐದು ಸಣ್ಣ ತೊಟ್ಟಿ ಇಟ್ಟರು. ಒಂದಕ್ಕೆ ಬರೀ ಕತ್ತಲೆ, ಒಂದಕ್ಕೆ ಬಿಳಿ ಬಲ್ಬು, ಉಳಿದ ಮೂರಕ್ಕೆ ಬಣ್ಣದ ಬೆಳಕು. ಬಣ್ಣದ ದೀಪ ಕೊಳ್ಳಲು ಮಾಲೀಕ ಒಪ್ಪಲಿಲ್ಲ, ಹಾಗಾಗಿ ಡಾಲರ್ ಸ್ಟೋರಿನಿಂದ ಜಿಲೆಟಿನ್ ಪೇಪರಿನ ಸುರುಳಿ ತಂದು ಬಲ್ಬಿನ ಮುಂದೆ ಎರಡೆರಡು ಪದರ ಕಟ್ಟಿದರು. ಹೊರಗಿನ ಬೆಳಕು ಬೀಳದಂತೆ ಪ್ರತಿ ತೊಟ್ಟಿಯ ಮೇಲೆ ಟಾರ್ಪಾಲು. ಅದನ್ನು ಎತ್ತುವ ಅಧಿಕಾರ ಅವರೊಬ್ಬರಿಗೇ. ಎಣಿಸುವವನಿಗೆ ಬಣ್ಣ ಗೊತ್ತಿರಬಾರದು, ಗೊತ್ತಿದ್ದರೆ ಅವನು ಬೇಕಾದ್ದನ್ನೇ ನೋಡುತ್ತಾನೆ ಎಂಬುದು ಅವರ ನಿಯಮ. ಆದ್ದರಿಂದ ತೊಟ್ಟಿಗಳಿಗೆ ಅಂಕೆ ಮಾತ್ರ. ಯಾವ ಅಂಕೆಗೆ ಯಾವ ಬಣ್ಣ ಎಂಬುದನ್ನು ಒಂದು ಪುಟ್ಟ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಮಾಲೀಕ ಇಣುಕಿದರೂ ಅವನಿಗೆ ಓದಲು ಬಾರದು.

ನಾನು ಮೂರು ವಾರ ಎಣಿಸಿದೆ. ಒಂದು ಹನಿ ನೀರು, ಸೂಕ್ಷ್ಮದರ್ಶಕ, ಕೈಯಲ್ಲಿ ಒತ್ತಿದಂತೆ ಒಂದೊಂದೇ ಎಣಿಸುವ ಕ್ಲಿಕ್ಕರ್. ಅಕ್ಕ ಎಣಿಸಿದ್ದನ್ನೂ ನಾನು ಇನ್ನೊಮ್ಮೆ ಎಣಿಸಬೇಕೆಂದು ಹಟ ಹಿಡಿಯುತ್ತಿದ್ದರು. ನನ್ನ ಮೇಲೆ ಎಷ್ಟು ನಂಬಿಕೆ ಎಂದು ಬೀಗಿದೆ. ನಾಲ್ಕನೇ ತೊಟ್ಟಿ ಉಳಿದೆಲ್ಲವನ್ನೂ ಹಿಂದೆ ಹಾಕಿತು. ಅದರ ಮರಿಗಳಿಗೆ ಎಲ್ಲಕ್ಕಿಂತ ಮೊದಲು ಕಣ್ಣು ಬಂತು, ಚಿಪ್ಪಿಗೆ ಅಂಟಿಕೊಂಡವೂ ಅದರಲ್ಲೇ ಹೆಚ್ಚು. ಮಾರನೆಯ ತಿಂಗಳು ಇನ್ನೊಂದು ಸಲ ಮಾಡಿದೆವು. ಮತ್ತೆ ನಾಲ್ಕನೆಯದೇ.

ಆಗ ಅವರು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. "ಇನ್ನು ಗುಟ್ಟು ಬೇಡ. ಬಣ್ಣ ಎಲ್ಲ ಇದರಲ್ಲಿ ಉಂಟು. ನೋಡಿ ಬರೀರಿ, ಆಯ್ತಾ? ನಾಳೆ ಟಾರ್ಪಾಲು ತೆಗೆದು ಎಲ್ಲ ತೊಳೀಲಿಕ್ಕುಂಟು."

ನೋಡಿ ಬರೀರಿ. ಒಂದನೇ ತರಗತಿಯಿಂದ ನಮಗೆ ಈ ಮಾತಿನ ಅರ್ಥ ಗೊತ್ತು. ಪುಸ್ತಕದಲ್ಲಿರುವುದನ್ನು ನೋಡಿಕೊಂಡು ಹಾಗೆಯೇ ಬರೆಯುವುದು. ನಾನು ಪುಸ್ತಕ ತೆರೆದೆ. ಒಂದು, ಕತ್ತಲೆ. ಎರಡು, ಬಿಳಿ. ಮೂರು, ಕುಂಕುಮ. ನಾಲ್ಕು, ರಾಮಾ. ಐದು, ನವಿಲು.

ಕುಂಕುಮ ಎಂದರೆ ಕೆಂಪು, ಅದರಲ್ಲಿ ಅನುಮಾನವಿಲ್ಲ. ರಾಮಾ ಮತ್ತು ನವಿಲು ಕಾರ್ಕಳದ ಬಟ್ಟೆ ಅಂಗಡಿಯಿಂದ ಬಂದ ಹೆಸರುಗಳು. ನಮ್ಮ ಹೆಂಗಸರ ಬಾಯಲ್ಲಿ ಸೀರೆಗಳಿಗೆ ಇಂಥ ಬಣ್ಣಗಳಿರುವುದನ್ನು ಕೇಳಿದ್ದೆ. ಒಂದು ಹಸಿರು, ಇನ್ನೊಂದು ನೀಲಿ ಇರಬೇಕು. ಯಾವುದು ಯಾವುದು? ನನ್ನ ಮೇಜಿನಿಂದ ಆ ತೊಟ್ಟಿಗಳಿಗೆ ಇಪ್ಪತ್ತು ಹೆಜ್ಜೆ. ಹೊರಗೆ ಚಳಿ, ಮಧ್ಯದ ಅಂಗಳದಲ್ಲಿ ಕೆಸರು, ನಾನು ಆಗಷ್ಟೇ ಬೂಟು ಬಿಚ್ಚಿ ಹೀಟರಿಗೆ ಕಾಲು ಚಾಚಿದ್ದೆ. ಹೆಂಡತಿಗೆ ಫೋನ್ ಮಾಡಿದೆ.

"ರಾಮಾ ಅಂದ್ರೆ ಯಾವ ಬಣ್ಣ?"

"ರಾಮಾ ಗ್ರೀನ್ ಅಂತಾರಲ್ರೀ. ನನ್ನ ಸೀಮಂತದ ಸೀರೆ ಅದೇ ತಾನೆ. ನಿಮಗೆ ನೆನಪಿದ್ರೆ ತಾನೇ" ಎಂದಳು.

ರಾಮಾ ಹಸಿರಾದರೆ ನವಿಲು ನೀಲಿ. ನಾಲ್ಕನೇ ತೊಟ್ಟಿಯ ಮುಂದೆ ಗ್ರೀನ್ ಎಂದು ಟೈಪ್ ಮಾಡಿದೆ, ಐದರ ಮುಂದೆ ಬ್ಲೂ. ಸಂಜೆ ಶೀಟನ್ನು ಪ್ರಿಂಟ್ ತೆಗೆದು ಅಕ್ಕನಿಗೆ ಕೊಟ್ಟೆ. ಅವರು ಎಂದಿನಂತೆ ಬಾಗಿಲಿಗೆ ಒಯ್ದು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

"ನೀವು ನೋಡಿಯೇ ಬರೆದದ್ದಲ್ವಾ?"

"ನೋಡಿಯೇ ಬರೆದದ್ದು ಅಕ್ಕ. ಒಂದಕ್ಷರ ಆಚೆ ಈಚೆ ಆಗಿಲ್ಲ."

"ಹಾಗಾದ್ರೆ ಆಯ್ತು" ಎಂದು ಕಾಗದ ವಾಪಸು ಕೊಟ್ಟರು. ಮರುದಿನ ತೊಟ್ಟಿಗಳನ್ನು ಉಜ್ಜಿ ತೊಳೆದೆವು. ಬಲ್ಬುಗಳ ಮೇಲಿನ ಪೇಪರು ಉಪ್ಪುನೀರಿಗೆ ಹಾಳಾಗಿತ್ತು, ಅವರು ಅದನ್ನು ಮುದುಡಿ ಕಸಕ್ಕೆ ಹಾಕಿದ್ದನ್ನು ದೂರದಿಂದ ಕಂಡೆ.

ಆಮೇಲೆ ನನಗೆ ವೆಸ್ಟ್ ವಿಂಡ್ಸರ್ ಹತ್ತಿರದ ಬೇರೆ ಕಂಪನಿಯಲ್ಲಿ ಹಳೆಯಂಥದೇ ಉದ್ಯೋಗ ಸಿಕ್ಕಿತು. ಅಕ್ಕ ಒಂದು ವರ್ಷದ ನಂತರ ಹ್ಯಾಚರಿ ಬಿಟ್ಟರು. ಆರೋಗ್ಯ ಸರಿಯಿಲ್ಲ ಎಂದಷ್ಟೇ ತಿಳಿಯಿತು. ಫೋನ್ ಮಾಡಿದಾಗಲೆಲ್ಲ ಮರಿಗಳ ಮಾತೇ ಆಡುತ್ತಿದ್ದರು, ಕಾಯಿಲೆಯ ಮಾತು ಎತ್ತಿದರೆ ಫೋನನ್ನು ನನ್ನ ಹೆಂಡತಿಗೆ ಕೊಡಲು ಹೇಳುತ್ತಿದ್ದರು. ನವೆಂಬರಿನಲ್ಲಿ ಹೋದರು. ಅಂತಿಮ ದರ್ಶನಕ್ಕೆ ಮಾಲೀಕ ಕೋಟು ಹಾಕಿಕೊಂಡು ಬಂದಿದ್ದ, ಅಷ್ಟು ಮಂದಿ ಭಾರತೀಯರ ನಡುವೆ ಯಾರ ಕೈ ಕುಲುಕಬೇಕೆಂದು ತಿಳಿಯದೆ ನನ್ನ ಪಕ್ಕವೇ ನಿಂತಿದ್ದ.

ಗುರುವಾರ ಆ ಫೋನ್ ಬಂದ ಮೇಲೆ ಹೆಂಡತಿಯನ್ನು ಮತ್ತೆ ಕೇಳಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನು ಪ್ರತ್ಯಕ್ಷವನ್ನೂ ಕಂಡವನಲ್ಲ. ಅವಳು ಬಟ್ಟೆಯ ಕ್ಲಾಸೆಟ್ಟಿನಿಂದ ಸೀಮಂತದ ಸೀರೆ ತೆಗೆದು ಹಾಸಿಗೆಯ ಮೇಲೆ ಹರವಿದಳು. "ನೋಡಿ, ಹಸಿರು." ದೀಪದ ಕೆಳಗೆ ಹಸಿರೇ. ಅಕ್ಕನ ಚಾಳಿ ನೆನಪಾಗಿ ಸೀರೆಯನ್ನು ಕಿಟಕಿಗೆ ಒಯ್ದೆ. ಅಲ್ಲಿ ಅದು ನೀಲಿಯಾಯಿತು. ಹೆಂಡತಿ ಬಂದು ನೋಡಿದಳು. ಸಮರ್‌ಸೆಟ್‌ನಲ್ಲಿರುವ ತನ್ನ ಗೆಳತಿಗೆ ವಿಡಿಯೋ ಕಾಲ್ ಮಾಡಿದಳು. ಆಕೆ ಹುಬ್ಬಳ್ಳಿಯವಳು. "ರಾಮಾ ಅಂದ್ರ ನೀಲಿನ ಅಲ್ಲೇನು? ರಾಮ ಯಾವ ಬಣ್ಣ ಇದ್ದ? ನೀಲಿ ಇದ್ದ" ಎಂದಳು.

"ಹಾಗಾದ್ರೆ ನವಿಲು?" ಎಂದು ನಾನು ಹಿಂದಿನಿಂದ ಕೇಳಿದೆ.

"ಕುತ್ತಿಗಿ ನೀಲಿ, ಗರಿ ಹಸಿರು. ನಿಮಗ್ಯಾವುದು ಬೇಕ್ರಿ?"

ನನಗೆ ಯಾವುದು ಬೇಕೆಂದು ನನಗೇ ತಿಳಿಯಲಿಲ್ಲ. ಅಕ್ಕ ಇಷ್ಟು ಚುರುಕಾದ ಹೆಂಗಸು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎರಡೂ ಕಡೆಗೆ ಸಲ್ಲುವ ಹೆಸರುಗಳನ್ನೇ ಯಾಕೆ ಬರೆದರು ಎಂದು ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟಾಗುವುದಕ್ಕೆ ನಾಚಿಕೆಯೂ ಆಯಿತು.

ಶನಿವಾರ ವೆಸ್ಟ್ ವಿಂಡ್ಸರ್‌ನಲ್ಲಿರುವ ಅವರ ಮಗಳ ಮನೆಗೆ ಹೋದೆ. ಮೂವತ್ತರ ಹುಡುಗಿ, ಇಲ್ಲಿಯೇ ಹುಟ್ಟಿದವಳು. ಅಮ್ಮನ ಸಾಮಾನುಗಳ ಪೆಟ್ಟಿಗೆಗಳು ಇನ್ನೂ ಗರಾಜಿನಲ್ಲಿದ್ದವು. ಅಂದಿನಿಂದ ನನ್ನ ಬಳಿಯೇ ಉಳಿದಿದ್ದ ಬಣ್ಣಗಳ ಪುಸ್ತಕ ತೋರಿಸಿ, ಅಮ್ಮ ಮನೆಯಲ್ಲಿ ರಾಮಾ ಎಂದು ಯಾವ ಬಣ್ಣಕ್ಕೆ ಹೇಳುತ್ತಿದ್ದರು ಎಂದು ಕೇಳಿದೆ. ಅವಳು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಕನ್ನಡ ಓದಲು ಬಾರದು, ಅಕ್ಷರಗಳ ಗಾತ್ರ ನೋಡುತ್ತಿದ್ದಳು.

"ಎಷ್ಟು ದೊಡ್ಡದಾಗಿ ಬರ್ದಿದ್ದಾರೆ. ದಿಸ್ ಈಸ್ ಫ್ರಮ್ ಬಿಫೋರ್ ದಿ ಸರ್ಜರಿ, ಅಲ್ವಾ ಅಂಕಲ್?"

"ಯಾವ ಸರ್ಜರಿ?"

"ಕ್ಯಾಟರಾಕ್ಟ್. ಎರಡೂ ಕಣ್ಣು. ನಿಮಗೆ ಗೊತ್ತಿರ್ಲಿಲ್ವಾ? ಶಿ ಕುಡಂಟ್ ಟೆಲ್ ಬ್ಲೂ ಫ್ರಮ್ ಗ್ರೀನ್. ಎಲ್ಲ ಅರಿಶಿನ ಅರಿಶಿನ ಕಾಣ್ತದೆ ಅಂತಿದ್ರು. ಜಾಬ್ ಹೋಗ್ತದೆ ಅಂತ ಯಾರಿಗೂ ಹೇಳ್ಬೇಡ ಅಂದ್ರು."

ನಾನು ಗರಾಜಿನಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಳಿತೆ. ಕಾಲುಚೀಲ, ಚಟ್ನಿ, ಪಾರ್ಕ್‌ವೇ, ಎರಡೆರಡು ಸಲದ ಎಣಿಕೆ, ಎಲ್ಲದಕ್ಕೂ ನಾನು ಬೇರೆ ಅರ್ಥ ಹಚ್ಚಿದ್ದೆ. ವಸ್ತುಗಳನ್ನು ಬಾಗಿಲಿಗೆ ಒಯ್ಯುತ್ತಿದ್ದದ್ದು ಅಪ್ಪನ ಅಂಗಡಿಯ ಅಭ್ಯಾಸವೋ, ಕಣ್ಣಿನ ಪೊರೆಯ ಕಷ್ಟವೋ ಎಂಬುದು ಈಗ ಗೊತ್ತಾಗುವಂತಿಲ್ಲ. ಮಾಲೀಕನಿಗೆ ನೀಲಿ ಎಂದದ್ದು ಶಸ್ತ್ರಚಿಕಿತ್ಸೆಗೆ ಮುಂಚೆಯೋ ಆಮೇಲೆಯೋ, ಅದೂ ಗೊತ್ತಿಲ್ಲ.

"ಆದ್ರೆ ಆ ಎಕ್ಸ್‌ಪೆರಿಮೆಂಟ್ ಬಗ್ಗೆ ಅಮ್ಮ ವರಿ ಮಾಡ್ಲೇ ಇಲ್ಲ" ಎಂದಳು ಹುಡುಗಿ. "ನಾನು ಕೇಳಿದ್ದೆ, ಕಲರ್ ಕಾಣದೆ ಹೇಗೆ ಕಲರ್ ಎಕ್ಸ್‌ಪೆರಿಮೆಂಟ್ ಮಾಡ್ತೀಯ ಅಂತ. ಅವ್ರು ನೋಡಿ ಬರ್ದಿದ್ದಾರೆ ಅಂತ ನಿಮ್ಮ ಬಗ್ಗೆ ಅಂದ್ರು. ಪೇಪರ್ ನೋಡಿ ಅಲ್ಲ, ತೊಟ್ಟೀನೇ ನೋಡಿ. ಹಿ ಈಸ್ ಅ ರೆಕಾರ್ಡ್ಸ್ ಮ್ಯಾನ್, ನೋಡದೆ ಬರೆಯೋರಲ್ಲ ಅಂತ."

ನೋಡಿ ಬರೀರಿ ಎಂದರೆ ಎದ್ದು ಹೋಗಿ, ಟಾರ್ಪಾಲು ಎತ್ತಿ, ಕಣ್ಣಿನಿಂದ ನೋಡಿ ಬರೆಯಿರಿ ಎಂದು. ಪುಸ್ತಕದಲ್ಲಿದ್ದದ್ದು ಅವರಿಗೆ ಕಂಡಷ್ಟು ಮಾತ್ರ. ನಾಳೆ ಎಲ್ಲ ತೊಳೆಯಲಿಕ್ಕುಂಟು ಎಂದು ಗಡುವನ್ನೂ ಹೇಳಿದ್ದರು. ನೀವು ನೋಡಿಯೇ ಬರೆದದ್ದಲ್ವಾ ಎಂದು ಮತ್ತೊಮ್ಮೆ ಕೇಳಿದ್ದರು. ನಾನು ಎದೆಯುಬ್ಬಿಸಿ ಹೌದು ಎಂದಿದ್ದೆ. ಅದು ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ. ಹುಡುಗಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಬಹಳ ಹೊತ್ತು ಪುಸ್ತಕದ ಹಾಳೆ ತಿರುಗಿಸಿದೆ. ಆಮೇಲೆ ಹೇಳಿದೆ. ಅವಳು ಬಯ್ಯಲಿಲ್ಲ. ಎದ್ದು ಹೋಗಿ ಒಂದು ಪೆಟ್ಟಿಗೆ ಕೆದಕಿ ಎರಡು ಸುರುಳಿ ತಂದಳು. ಅದೇ ಜಿಲೆಟಿನ್ ಪೇಪರು, ಕುಂಕುಮವಲ್ಲದ ಆ ಎರಡು ಬಣ್ಣದ್ದು, ಬಳಸಿ ಉಳಿದದ್ದು. ಸುತ್ತಿದಾಗ ಎರಡೂ ಕಪ್ಪಗೆ ಕಾಣುತ್ತಿದ್ದವು.

ಸೋಮವಾರದವರೆಗೆ ಕಾಯಲಿಲ್ಲ. ಕಾರಿನಲ್ಲಿ ಕುಳಿತೇ ಮಾಲೀಕನಿಗೆ ಫೋನ್ ಮಾಡಿದೆ. ಬಣ್ಣ ನನಗೆ ಗೊತ್ತಿಲ್ಲ, ಶೀಟಿನಲ್ಲಿ ಬರೆದದ್ದು ನನ್ನ ಊಹೆ, ನಾನು ತೊಟ್ಟಿ ನೋಡಿಯೇ ಇರಲಿಲ್ಲ ಎಂದೆ. ಅಕ್ಕನ ಕಣ್ಣಿನ ವಿಷಯ ಹೇಳಲಿಲ್ಲ. ಅದು ಈಗಲೂ ಅವರದೇ ಗುಟ್ಟು.

"ನೀನು ನೋಡಿದ್ದೀಯ ಅಂತ ಅವಳು ನನಗೆ ಹೇಳಿದ್ದಳು" ಎಂದ. ಆಮೇಲೆ, "ಊಹೆಯ ಮೇಲೆ ಅವಳ ಹೆಸರು ಬರೆಸಲಾರೆ. ಐ ವೋಂಟ್ ಡು ದಟ್ ಟು ಹರ್" ಎಂದ.

ಅವನು ಹೇಳಿದ್ದು ಸರಿಯೇ ಇತ್ತು. ಹೊಸ ಕೋಣೆಗೆ ಬಿಳಿ ದೀಪ ಹಾಕಿಸಿದ, ಬಾಗಿಲು ಖಾಲಿ ಉಳಿಯಿತು. ಪರೀಕ್ಷೆಯನ್ನು ಮತ್ತೆ ಮಾಡಲು ನಾನು ಎರಡು ತೊಟ್ಟಿ, ಮೂರು ವಾರ ಬೇಡಿದೆ. ನಿನ್ನ ರಜೆ ಹಾಕಿಕೊಂಡು ಮಾಡುವುದಾದರೆ ಮಾಡು ಎಂದ. ಕಂಪನಿಯಲ್ಲಿ ಊರಿಗೆ ಹೋಗಲೆಂದು ಉಳಿಸಿಟ್ಟಿದ್ದ ರಜೆ ಹಾಕಿದೆ.

ಮಾರ್ಚಿನಲ್ಲಿ ಮರಿಗಳು ಬಂದವು. ಎರಡು ಬಲ್ಬಿಗೆ ಎರಡು ಸುರುಳಿಯ ಪೇಪರನ್ನು ಎರಡೆರಡು ಪದರ ಕಟ್ಟಿ, ನೀರು ತುಂಬಿಸಿ, ಟಾರ್ಪಾಲು ಹೊದಿಸಿದೆ. ಬಣ್ಣ ಬರೆಯಬೇಕಾದ ಕಾಗದ ಹಿಡಿದು ಮೊದಲ ತೊಟ್ಟಿಯ ಟಾರ್ಪಾಲನ್ನು ಒಂದು ಮೂಲೆಯಲ್ಲಿ ಎತ್ತಿ ತಲೆ ಒಳಗೆ ಹಾಕಿ ನೋಡಿದೆ. ಎರಡನೆಯದನ್ನೂ ನೋಡಿದೆ. ಮತ್ತೆ ಮೊದಲನೆಯದಕ್ಕೆ ಬಂದೆ. ನನ್ನ ಕಣ್ಣಿಗೆ ಪೊರೆ ಇಲ್ಲ, ಕಳೆದ ವರ್ಷವಷ್ಟೇ ಪರೀಕ್ಷೆ ಮಾಡಿಸಿದ್ದೇನೆ. ಆದರೂ ಎರಡರಲ್ಲಿ ಯಾವ ತೊಟ್ಟಿಯ ಬೆಳಕನ್ನೂ ಹಸಿರು ಎನ್ನಲು ಬಾಯಿ ಬರಲಿಲ್ಲ, ನೀಲಿ ಎನ್ನಲೂ ಬರಲಿಲ್ಲ. ಅಂದು ನಾನು ಬೂಟು ಹಾಕಿಕೊಂಡು ಆ ಇಪ್ಪತ್ತು ಹೆಜ್ಜೆ ನಡೆದಿದ್ದರೆ ಅಕ್ಕನೂ ನನ್ನ ಜೊತೆ ತೊಟ್ಟಿಯ ಮೇಲೆ ಬಗ್ಗುತ್ತಿದ್ದರು. ನಾನು ಹಸಿರು ಎನ್ನುತ್ತಿದ್ದೆ, ಅವರು ನೀಲಿ ಎನ್ನುತ್ತಿದ್ದರು, ಓಲ್ಡ್ ಬ್ರಿಡ್ಜ್ ಮುಟ್ಟುವವರೆಗೆ ಕಾರಿನಲ್ಲಿ ಅದೇ ಜಗಳ ನಡೆಯುತ್ತಿತ್ತು. ಜಗಳದ ನಡುವೆ ಎಲ್ಲಾದರೂ ಒಂದು ಕಡೆ, ತನಗೆ ಸರಿಯಾಗಿ ಕಾಣುವುದಿಲ್ಲ ಎಂದು ಅವರು ನನಗೆ ಹೇಳಿಬಿಡುತ್ತಿದ್ದರು.